ಗೋಪುರದ ಎಡಗಡೆಯ ಖಾಲಿ ಜಾಗ

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ, ಹೊಸಪೇಟೆಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು ನಾನು ಹಂಪಿಯ ಗೋಪುರವೊಂದನ್ನು ಕೆಡವಿದೆ. ಕೈಯಲ್ಲಿ ಗುದ್ದಲಿ ಇರಲಿಲ್ಲ, ಚಹಾದ ಲೋಟ ಇತ್ತು. ಹಂಪಿಯನ್ನು ಹಾಳುಮಾಡಿದವರ ಪಟ್ಟಿಯಲ್ಲಿ ಹೆಂಗಸರ ಹೆಸರು ಒಂದೂ ಇಲ್ಲವಲ್ಲ ಎಂದು ಯಾರಾದರೂ ಕೊರಗುತ್ತಿದ್ದರೆ, ಇನ್ನು ಮೇಲೆ ಕೊರಗಬೇಕಿಲ್ಲ.

ಕೆಡವಿದ್ದು ಕಲ್ಲಿನ ಗೋಪುರವಲ್ಲ, ಅಕ್ಷರದ್ದು. ನಕ್ಷತ್ರ, ಅಡ್ಡಗೆರೆ, ಓರೆಗೆರೆ, ಸೊನ್ನೆ, ಎಕ್ಸ್ ಹೀಗೆ ಕೀಲಿಮಣೆಯ ಮೇಲಿರುವುದನ್ನೇ ಸಾಲುಸಾಲಾಗಿ ಜೋಡಿಸಿ ಚಿತ್ರ ಮಾಡುವುದುಂಟಲ್ಲ, ಅದು. ಹತ್ತಿರದಿಂದ ನೋಡಿದರೆ ಚುಕ್ಕಿ ಗೆರೆಗಳ ಸಂತೆ. ಎರಡು ಹೆಜ್ಜೆ ಹಿಂದೆ ಸರಿದರೆ ಗೋಪುರ, ಆನೆ, ತೆಪ್ಪ, ಏನು ಬೇಕಾದರೂ. ಇಂಥ ಚಿತ್ರ ಮಾಡಿಕೊಡುವ, ಮಾಡಿದ್ದನ್ನು ಕಡತವಾಗಿಯೋ ಅಚ್ಚಿನ ಚೀಟಿಯಾಗಿಯೋ ಹೊರಗೆ ಕಳಿಸಿಕೊಡುವ ಒಂದು ಸಾಫ್ಟ್‌ವೇರನ್ನು ಕಂಪ್ಲಿಯ ನಾಗವೇಣಿ ಎಂಬ ಹುಡುಗಿ ಬರೆದಿದ್ದಾಳೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅಮ್ಮ ಭತ್ತದ ನಾಟಿ ಕಾಲದಲ್ಲಿ ಗದ್ದೆಗೆ, ಉಳಿದ ಕಾಲದಲ್ಲಿ ಗಿರಣಿಗೆ ಹೋಗುತ್ತಾರೆ. ಇವಳು ಎಂಜಿನಿಯರಿಂಗ್ ಮುಗಿಸಿ, ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಂಪ್ಲಿಯಲ್ಲೇ ಕೂತು ಕೆಲಸ ಮಾಡುತ್ತಾಳೆ. ಬೇರೆಯವರ ಕೆಲಸ ಮಾಡಿ ಮಾಡಿ ಸಾಕಾಗಿ, ತನ್ನದೇ ಅಂತ ಮಾಡಿದ ಮೊದಲನೆಯ ವಸ್ತು ಇದು.

ಅಕ್ಷರದ ಚಿತ್ರ ಯಾರಿಗೆ ಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹಂಪಿಯ ಗೆಸ್ಟ್ ಹೌಸ್‌ಗಳಲ್ಲಿ ಅಂಗೈ ಅಗಲದ ಬಿಲ್ ಪ್ರಿಂಟರ್ ಇರುತ್ತವೆ. ಹಳೆಯವು, ಅಗ್ಗದವು, ಅಕ್ಷರ ಬಿಟ್ಟು ಬೇರೇನೂ ಹೊಡೆಯಲು ಬಾರದಂಥವು. ಬಂದ ಅತಿಥಿಗೆ ರೂಮಿನ ನಂಬರು, ವೈಫೈ ಪಾಸ್‌ವರ್ಡು ಬರೆದು ಕೊಡುವ ಆ ಚೀಟಿಯ ನೆತ್ತಿಯ ಮೇಲೆ ಒಂದು ಗೋಪುರ ಮೂಡಿದರೆ ಜನ ಅದನ್ನು ಬಿಸಾಡದೆ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದು ನಾಗವೇಣಿಯ ಲೆಕ್ಕಾಚಾರ. ಈಗ ಆ ಗೆಸ್ಟ್ ಹೌಸ್‌ಗಳಲ್ಲಿ ಬುಕಿಂಗ್ ನೋಡಿಕೊಳ್ಳುವುದು, ಚೀಟಿ ಹೊಡೆಯುವುದು ಎಲ್ಲಾ ಎಐ ಏಜೆಂಟುಗಳ ಕೆಲಸ. ಏಜೆಂಟ್ ಅಂದಕೂಡಲೇ ನನ್ನ ಕಣ್ಣಿಗೆ ಬರುವುದು ಬಗಲಲ್ಲಿ ಚೀಲ ಸಿಕ್ಕಿಸಿಕೊಂಡು ಮಧ್ಯಾಹ್ನದ ನಿದ್ದೆಯ ಹೊತ್ತಿಗೇ ಬಾಗಿಲು ಬಡಿಯುವ ವಿಮೆಯವರು. ಇವು ಹಾಗಲ್ಲ. ನಾವು ಹೇಳಿದ ಕೆಲಸವನ್ನು ತಾವೇ ಓದಿ ತಿಳಿದು, ತಾವೇ ಮಾಡಿ ಮುಗಿಸುವ ಪ್ರೋಗ್ರಾಮುಗಳು. ಅವು ಓದಿ ತಿಳಿಯಬೇಕಾದರೆ ಯಾರೋ ಬರೆದಿರಬೇಕಲ್ಲ. ಆ ಯಾರೋ ನಾನು.

ವಸ್ತುವನ್ನು ಬಳಸುವುದು ಹೇಗೆ ಅಂತ ಬರೆಯುವುದೇ ನನ್ನ ಕಸುಬು. ಸಂಡೂರಿನ ಒಂದು ಗಣಿ ಕಚೇರಿಗೆ ಟೈಪಿಸ್ಟಾಗಿ ಸೇರಿದವಳು, ಗಣಿ ನಿಂತಾಗ ಲಾರಿ ತೂಗುವ ವೇಬ್ರಿಡ್ಜಿನ ಸಾಫ್ಟ್‌ವೇರಿಗೆ ಕೈಪಿಡಿ ಬರೆದುಕೊಟ್ಟು, ಅಲ್ಲಿಂದ ಒಂದಾದಮೇಲೊಂದು ಹಿಡಿದುಕೊಂಡು ಇಲ್ಲಿಯವರೆಗೆ ಬಂದಿದ್ದೇನೆ. ನಮ್ಮ ಮನೆಯವರು ನೆಂಟರ ಮುಂದೆ ಹೆಮ್ಮೆಯಿಂದ ನನ್ನನ್ನು ಬರಹಗಾರ್ತಿ ಎನ್ನುತ್ತಾರೆ. ಕಥೆಯೋ ಕಾದಂಬರಿಯೋ ಎಂದು ನೆಂಟರು ಕೇಳುತ್ತಾರೆ. ಪ್ರಿಂಟರಿಗೆ ಕಾಗದ ತುಂಬುವ ಬಗೆ ಎಂದು ನಾನು ಹೇಳಿದ ಮೇಲೆ ಮಾತು ಮಳೆ ಬೆಳೆಯ ಕಡೆಗೆ ಹೊರಳುತ್ತದೆ.

ಇಷ್ಟು ವರ್ಷದ ಅನುಭವದ ಜಂಬದಲ್ಲಿ ನಾಗವೇಣಿಗೆ ಮೊದಲ ಕರಡನ್ನು ಮೂರೇ ದಿನದಲ್ಲಿ ಬರೆದುಕೊಟ್ಟೆ. ಬಲಮೂಲೆಯ ನೀಲಿ ಗುಂಡಿಯನ್ನು ಒತ್ತಿ, ಆಗ ತೆರೆದುಕೊಳ್ಳುವ ಕಿಟಕಿಯಲ್ಲಿ ಹೀಗೆ ಮಾಡಿ, ಎಷ್ಟು ಸುಲಭ ನೋಡಿ ಎಂದೆಲ್ಲ ಉಪಚಾರ ಮಾಡಿ ಬರೆದಿದ್ದೆ. ಅವಳು ಓದಿ ಮುಗಿಸಿ ಫೋನ್ ಮಾಡಿದಳು. ಹೇಗೆ ಹೇಳುವುದೆಂದು ಯೋಚಿಸುತ್ತಿದ್ದುದು ಅವಳ ಉಸಿರಿನಲ್ಲೇ ಗೊತ್ತಾಯಿತು.

“ಅಕ್ಕಾ, ಭಾಳ ಚಂದ ಬರದೀರಿ. ಆದ್ರ ಇದನ್ನ ಓದೋದು ಮನುಷ್ಯಾರಲ್ರಿ. ಅದಕ್ಕ ನೋಡಾಕ ಕಣ್ಣಿಲ್ಲ, ಮೌಸ್ ಹಿಡಿಯಾಕ ಕೈಯಿಲ್ಲ. ನೀಲಿ ಗುಂಡಿ ಅಂದ್ರ ಅದೇನ್ ಮಾಡಬೇಕು?”

ನಾಚಿಕೆಯಾಯಿತು. ಎರಡನೆಯ ಕರಡಿನಲ್ಲಿ ಗುಂಡಿ, ಕಿಟಕಿ, ಬಣ್ಣ ಎಲ್ಲ ಕಿತ್ತುಹಾಕಿ ಬರಿಯ ಆಜ್ಞೆಗಳನ್ನು ಬರೆದೆ. ಯಾವ ಆಜ್ಞೆ ಕೊಟ್ಟರೆ ಯಾವ ಬಗೆಯ ಕಡತ, ಅಗಲ ಎಷ್ಟು, ಹೆಸರು ಏನು ಎಂದು. ಆದರೆ ಹಳೆಯ ಚಾಳಿ ಹೋಗಬೇಕಲ್ಲ, ಒಂದು ಕಡೆ ಸಲಹೆಯ ರೂಪದಲ್ಲಿ ಹೀಗೊಂದು ವಾಕ್ಯ ಸೇರಿಸಿದ್ದೆ: ಕಡತ ಚಿಕ್ಕದಾಗಲು ಬೇಡದ ಖಾಲಿ ಜಾಗವನ್ನು ತೆಗೆಯಬಹುದು.

ಆ ಮಂಗಳವಾರ ನಾಗವೇಣಿ ನನ್ನ ಬರಹವನ್ನು ಒಂದು ಏಜೆಂಟಿಗೆ ಕೊಟ್ಟು, ಗೋಪುರದ ಚಿತ್ರವನ್ನು ಹೊರಗೆ ಕಳಿಸು ಎಂದಳು. ನಾನು ನನ್ನ ಮನೆಯ ಪರದೆಯಲ್ಲಿ ನೋಡುತ್ತಿದ್ದೆ. ಏಜೆಂಟು ನನ್ನ ವಾಕ್ಯಗಳನ್ನು ಶ್ರದ್ಧೆಯಿಂದ ಓದಿತು. ಬೇಡದ ಖಾಲಿ ಜಾಗ ಯಾವುದೆಂದು ತಾನೇ ತೀರ್ಮಾನಿಸಿತು. ಪ್ರತಿ ಸಾಲಿನ ಎಡಗಡೆಯಲ್ಲಿದ್ದ ಖಾಲಿ ಜಾಗವನ್ನೆಲ್ಲ ಗುಡಿಸಿ ಹಾಕಿತು. ಗೋಪುರ ನೆತ್ತಿಯಲ್ಲಿ ಕಿರಿದು, ಬುಡದಲ್ಲಿ ಅಗಲ. ನೆತ್ತಿಯ ಕಲಶ ನಡುವೆ ನಿಲ್ಲುವುದೇ ಅದರ ಎಡಕ್ಕಿರುವ ಖಾಲಿ ಜಾಗದಿಂದ. ಅದು ಹೋದದ್ದೇ ತಡ, ಕಲಶದಿಂದ ಬಾಗಿಲಿನವರೆಗೆ ಅಷ್ಟೂ ಅಂತಸ್ತುಗಳು ಎಡಗೋಡೆಗೆ ಜರುಗಿ ಒರಗಿಕೊಂಡವು. ಹಂಪಿಯ ಆನೆಲಾಯದ ಹಿಂದೆ ರಾಶಿ ಬಿದ್ದ ಕಲ್ಲುಗಳಿಗೂ ಇದಕ್ಕೂ ವ್ಯತ್ಯಾಸ ಇರಲಿಲ್ಲ. ಅದರ ಕೆಳಗೆ ಏಜೆಂಟು ಕೆಲಸ ಯಶಸ್ವಿಯಾಗಿ ಮುಗಿದಿದೆ ಎಂದು ವರದಿ ಬರೆದಿತ್ತು.

ನಾಗವೇಣಿ ನಗಲಿಲ್ಲ. ಮುಂದಿನ ಸೋಮವಾರ ಹಂಪಿಯ ಗೆಸ್ಟ್ ಹೌಸಿನವರ ಮುಂದೆ ಇದನ್ನು ಮಾಡಿ ತೋರಿಸಬೇಕಿತ್ತು. ಒಪ್ಪಿದರೆ ಆ ಸಾಲಿನ ಅಂಗಡಿಗಳವರೂ ಬರುತ್ತಾರೆ. ಒಪ್ಪದಿದ್ದರೆ ಅವಳು ಮತ್ತೆ ಬೇರೆಯವರ ಕೆಲಸಕ್ಕೆ ಹೋಗಬೇಕು. ಗಿರಣಿಯ ಹೆಂಗಸರಿಗೆಲ್ಲ ಅವರಮ್ಮ ಈಗಾಗಲೇ ಸುದ್ದಿ ಮುಟ್ಟಿಸಿ ಆಗಿತ್ತು. ನಾಗವೇಣಿ, ಗುರುವಾರ ಇನ್ನೊಂದು ಸಲ ನೋಡೋಣ ಎಂದಳು. ಆಗಲೂ ಆಗದಿದ್ದರೆ ಆ ಏಜೆಂಟಿನ ಕೈಯಲ್ಲೇ ಬರೆಸಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದೂ ಸೇರಿಸಿದಳು. ಅವಳು ಮೆತ್ತಗೆ ಹೇಳಿದಳು, ಹಾಗಾಗಿ ಇನ್ನೂ ಚುಚ್ಚಿತು. ಯಾರು ಓದಬೇಕೋ ಅವರೇ ಬರೆದುಕೊಳ್ಳುವ ಕಾಲದಲ್ಲಿ ನನ್ನಂಥವಳಿಗೆ ಏನು ಕೆಲಸ?

ಮುನಿಸಿನಲ್ಲಿ ಎದ್ದು ಹೋಗಿ ಅವರೆಕಾಯಿ ಬಿಡಿಸುತ್ತ ಕೂತೆ. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈಯಲ್ಲಿ ಸಿಗಿಯುವಾಗ, ಎಷ್ಟೋ ವರ್ಷಗಳ ಮೇಲೆ, ನನ್ನ ಎಡಗೈಯನ್ನು ಸರಿಯಾಗಿ ನೋಡಿದೆ. ಅದರಲ್ಲಿ ಮೂರೇ ಬೆರಳು.

ಇದನ್ನು ಮೊದಲೇ ಹೇಳಬಹುದಿತ್ತು, ಆದರೆ ನನಗೇ ಅದರ ನೆನಪು ಇರುವುದಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ದೊಡ್ಡಮ್ಮನ ಮನೆಯ ಮೇವು ಕತ್ತರಿಸುವ ಯಂತ್ರದ ಬಾಯಿಗೆ ಜೋಳದ ದಂಟು ಕೊಡಲು ಹೋಗಿ, ಕಿರುಬೆರಳನ್ನೂ ಉಂಗುರದ ಬೆರಳನ್ನೂ ಕೊಟ್ಟು ಬಂದೆ. ನೋವಿಗಿಂತ ಹೆಚ್ಚಾಗಿ ನೆನಪಿರುವುದು ದೊಡ್ಡಮ್ಮ ಆ ವಾರವೆಲ್ಲ ನನ್ನ ಬಾಯಿಗೆ ತುರುಕಿದ ಬೆಲ್ಲ. ಪಿಯುಸಿ ಮುಗಿದ ಮೇಲೆ ಟೈಪಿಂಗ್ ಕಲಿತರೆ ಕೆಲಸ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಮೊದಲು ಹೋದ ಕಡೆ ನನ್ನ ಕೈ ನೋಡಿ, ಇದು ಹತ್ತು ಬೆರಳಿನ ವಿದ್ಯೆ, ನಿನಗೆ ಹೊಲಿಗೆ ಒಳ್ಳೆಯದು ಎಂದರು. ಮೂರು ಬೆರಳಿಗೆ ಹೊಲಿಗೆ ಹೇಗೆ ಒಳ್ಳೆಯದು ಎಂದು ಕೇಳುವ ಧೈರ್ಯ ಆಗ ಇರಲಿಲ್ಲ.

ಎರಡನೆಯದು ಸುಶೀಲಾ ಟೀಚರ್ ನಡೆಸುತ್ತಿದ್ದ ಇನ್‌ಸ್ಟಿಟ್ಯೂಟ್. ಹೊಸಪೇಟೆ ಸ್ಟೇಷನ್ ರಸ್ತೆಯಲ್ಲಿ ಪಾತ್ರೆ ಅಂಗಡಿಯ ಮೇಲಿನ ಮಹಡಿ. ಹನ್ನೆರಡು ಮಷೀನು. ಅವು ಒಟ್ಟಿಗೆ ಹೊಡೆದುಕೊಳ್ಳುವ ಸದ್ದಿಗೆ ಕೆಳಗಿನ ಅಂಗಡಿಯಲ್ಲಿ ಸ್ಟೀಲಿನ ತಟ್ಟೆಗಳು ಗುಂಯ್‌ಗುಟ್ಟುತ್ತಿದ್ದವು. ಟೀಚರ್ ಮನೆ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸ್‌ನಲ್ಲಿ. ಗಂಡ ಕಾಲುವೆ ಕಚೇರಿಯಲ್ಲಿದ್ದರು. ದಿನಾ ಬೆಳಿಗ್ಗೆ ಡ್ಯಾಮಿನ ಬಸ್ಸು ಇಳಿದು, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಎಣ್ಣೆಯ ಕುಪ್ಪಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಎಣ್ಣೆ ಮಷೀನುಗಳಿಗೆ. ಅವರ ತಲೆಗೂ ಅದನ್ನೇ ಹಚ್ಚುತ್ತಾರೆ ಎಂದು ನಾವು ಹುಡುಗಿಯರು ಆಡಿಕೊಳ್ಳುತ್ತಿದ್ದೆವು.

ನಾನು ಕೈಯನ್ನು ದಾವಣಿಯ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಟೀಚರ್ ಏನೂ ಕೇಳದೆ ಸೆರಗು ಸರಿಸಿ, ಕೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳನ್ನು ಮಡಚಿ ಬಿಡಿಸಿ ನೋಡಿದರು. ನಡುಬೆರಳು ಎಷ್ಟು ದೂರ ಚಾಚುತ್ತದೆ ಎಂದು ಸ್ಕೇಲು ಇಟ್ಟು ಅಳೆದರು. ಅಯ್ಯೋ ಪಾಪ ಎನ್ನಲಿಲ್ಲ. ನಾಡಿದ್ದು ಬಾ ಎಂದು ಕಳಿಸಿದರು.

ನಾಡಿದ್ದು ಹೋದರೆ ಎರಡು ಹಾಳೆ ಬರೆದು ಇಟ್ಟಿದ್ದರು. ಗೋಡೆಯ ಮೇಲೆ ಎಲ್ಲರಿಗೂ ಅಂತ ಒಂದು ಪಟ್ಟಿ ಇತ್ತು, ಯಾವ ಬೆರಳಿಗೆ ಯಾವ ಕೀ ಎಂದು. ಇದು ನನಗೊಬ್ಬಳಿಗೆ. ಎಡಗೈ ನಡುಬೆರಳಿಗೆ ಎ ಮತ್ತು ಎಸ್, ತೋರುಬೆರಳಿಗೆ ಡಿ ಮತ್ತು ಎಫ್, ಜಿ ಅಕ್ಷರವನ್ನು ಬಲಗೈ ಬಂದು ಹೊಡೆದು ಹೋಗಬೇಕು. ಒಂದು ಸಾಲಿನಲ್ಲಿ ಒಂದೇ ಕೆಲಸ. ಅದರ ಮುಂದೆ, ಕೈ ನೋಡದೆಯೇ ಅದು ಸರಿಯಾಯಿತೆಂದು ತಿಳಿಯುವುದು ಹೇಗೆ ಎಂದು ಬರೆದಿದ್ದರು. ತಪ್ಪಿದರೆ ಮುಂದೆ ಹೋಗಬೇಡ, ಎಲ್ಲಿಗೆ ವಾಪಸ್ ಬಂದು ನಿಲ್ಲಬೇಕು ಎಂದೂ ಬರೆದಿದ್ದರು. ನಾನು ಅದನ್ನು ಓದಿದೆ. ಬೆರಳಿನ ವಿಷಯವಾಗಿ ಯಾರಾದರೂ ಬರೆದದ್ದನ್ನು, ಮನಸ್ಸು ಮುದುಡದೆ ಓದಿದ್ದು ಅದೇ ಮೊದಲು.

ಶನಿವಾರ ಮಾತ್ರ ನಮಗೆ ಹಬ್ಬ. ಅವತ್ತು ಪತ್ರ, ಅರ್ಜಿ ಯಾವುದೂ ಇಲ್ಲ, ಚಿತ್ರ. ಟೀಚರ್ ಬಾಯಲ್ಲಿ ಹೇಳುತ್ತ ಹೋಗುತ್ತಿದ್ದರು: ಹದಿನಾಲ್ಕು ಸ್ಪೇಸ್, ಒಂದು ನಕ್ಷತ್ರ, ಸಾಲು ಇಳಿಸಿ. ಹದಿಮೂರು ಸ್ಪೇಸ್, ಮೂರು ಎಕ್ಸ್, ಸಾಲು ಇಳಿಸಿ. ಯಾವ ಚಿತ್ರ ಎಂದು ಕೊನೆಯವರೆಗೂ ಹೇಳುತ್ತಿರಲಿಲ್ಲ. ನನ್ನ ಪಕ್ಕದ ಮಷೀನಿನ ದೋಣಿಮಲೈ ಹುಡುಗಿಗೆ ತಾಳ್ಮೆ ಕಡಿಮೆ. ಗಣಿ ಕಂಪನಿಯ ಬಸ್ಸಿನಲ್ಲಿ ಬಂದು ಹೋಗುವವಳು, ಎಲ್ಲಕ್ಕೂ ಅವಸರ. ಅವಳು ಒಂದು ದಿನ, ಗಣಪತಿ ಬರುತ್ತಿದ್ದಾನೆ ಎಂದು ತಾನೇ ಊಹಿಸಿ, ಟೀಚರ್ ಹೇಳುವ ಮೊದಲೇ ಸೊಂಡಿಲು ಹೊಡೆದುಬಿಟ್ಟಳು. ಬರಬೇಕಾಗಿದ್ದದ್ದು ಚಹಾದ ಕೆಟಲು. ಟೀಚರ್ ಆ ಹಾಳೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

“ಏನ್ ಬರ್ತದ ಅಂತ ನಾ ಹೇಳಿದ್ರ, ನೀವು ನಿಮ್ಮ ಮನಸ್ನಾಗಿರೋದನ್ನ ಹೊಡೀತೀರಿ. ನಾ ಹೇಳಿದ್ದನ್ನ ಹೊಡಿಯಂಗಿಲ್ಲ. ಸ್ಪೇಸನ್ನೂ ಎಣಿಸ್ರಿ. ಅದೂ ಒಂದು ಅಕ್ಷರನ.”

ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದೆ, ಎರಡನೆಯ ಸಲ ಪಾಸಾದೆ. ಸಂಡೂರಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಮ್ಯಾನೇಜರು ನನ್ನ ಕೈ ನೋಡಿ ಅನುಮಾನಪಟ್ಟರು. ಒಂದು ಪತ್ರ ಹೊಡೆದುಕೊಟ್ಟೆ. ಮತ್ತೆ ಯಾವತ್ತೂ ಅವರು ಕೈ ನೋಡಲಿಲ್ಲ. ಆಮೇಲೆ ನಾನೂ ನೋಡುವುದನ್ನು ಬಿಟ್ಟೆ. ಟೀಚರನ್ನು ನೋಡುವುದನ್ನೂ ಬಿಟ್ಟೆ. ಇದು ಮಾತ್ರ ನಾಚಿಕೆಗೇಡು. ಅವರಿರುವ ಡ್ಯಾಮು ನಮ್ಮ ಮನೆಯಿಂದ ಒಂದು ಸಿಟಿ ಬಸ್ಸಿನ ದಾರಿ.

ಅವರೆಕಾಯಿ ಅರ್ಧಕ್ಕೇ ಬಿಟ್ಟು ಎದ್ದೆ. ನಾನು ಇಷ್ಟು ದಿನ ಬರೆದದ್ದು ಗೋಡೆಯ ಮೇಲಿನ ಪಟ್ಟಿ, ಹತ್ತು ಬೆರಳಿರುವವರಿಗೆ. ಓದುವವರ ಕೈಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿಯೇ ಇರಲಿಲ್ಲ. ಮರುದಿನ ಕಂಪ್ಲಿಗೆ ಹೋಗಿ ನಾಗವೇಣಿಯ ಪಕ್ಕದಲ್ಲಿ ಕೂತೆ. ಒಂದಿಡೀ ದಿನ ಆ ಏಜೆಂಟು ಏನು ಮಾಡುತ್ತದೆ, ಎಲ್ಲಿ ತಡವರಿಸುತ್ತದೆ, ಎಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ನಡೆಸಿಬಿಡುತ್ತದೆ ಎಂದು ನೋಡಿದೆ. ದೋಣಿಮಲೈ ಹುಡುಗಿಯ ತಂಗಿ ಎಂದರೆ ಸರಿ. ಬುದ್ಧಿವಂತೆ, ಆದರೆ ನಾವು ಬಾಯಿ ತೆರೆಯುವ ಮೊದಲೇ ಸೊಂಡಿಲು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕನ್ನಡ ಅಕ್ಷರಗಳಲ್ಲೇ ಗೋಪುರ ಕಟ್ಟೋಣ, ಕಲಶಕ್ಕೆ ಠ ಇಡೋಣ ಎಂದು ನಾನು ಹಟ ಹಿಡಿದೆ. ನಮ್ಮ ಅಕ್ಷರಗಳು ಒಂದೇ ಅಳತೆಯ ಗೂಡಿನಲ್ಲಿ ಕೂರುವ ಜಾತಿಯವಲ್ಲ. ಒಂದು ಕಾಲು ಚಾಚುತ್ತದೆ, ಇನ್ನೊಂದು ಒತ್ತನ್ನು ಕೆಳಗೆ ಇಳಿಬಿಡುತ್ತದೆ. ಗೋಪುರ ಜಾತ್ರೆಯ ಬಸ್ಸಿನಂತೆ ಎರಡೂ ಕಡೆ ಉಬ್ಬಿತು. ನಾಗವೇಣಿಯ ಅಮ್ಮ ಬಗ್ಗಿ ನೋಡಿ, ಇದು ಕುಂಬಳಕಾಯಿಯೇ ಎಂದು ಕೇಳಿದರು. ಅವತ್ತು ಮಧ್ಯಾಹ್ನ ಅವರು ಬಡಿಸಿದ ರೊಟ್ಟಿ, ಪುಂಡಿಪಲ್ಲೆ ಉಂಡ ಮೇಲೆ ಆ ಹಟವನ್ನು ಬಿಟ್ಟೆ.

ಆಮೇಲೆ ಎಲ್ಲವನ್ನೂ ಹೊಸದಾಗಿ ಬರೆದೆ. ಒಂದು ಸಾಲಿಗೆ ಒಂದೇ ಕೆಲಸ. ಖಾಲಿ ಜಾಗವೂ ಚಿತ್ರದ ಭಾಗ, ಒಂದನ್ನೂ ತೆಗೆಯಬೇಡ. ಕಡತ ಹೊರಗೆ ಬಂದಮೇಲೆ ಅದನ್ನು ಮತ್ತೆ ತೆರೆದು ಸಾಲುಗಳನ್ನು ಎಣಿಸು, ಅತಿ ಉದ್ದದ ಸಾಲು ಎಷ್ಟು ಅಕ್ಷರ ಎಂದು ನೋಡು, ಮೂಲ ಚಿತ್ರಕ್ಕೂ ಪ್ರಿಂಟರಿನ ಅಗಲಕ್ಕೂ ಹೊಂದಿದರೆ ಮಾತ್ರ ಮುಗಿಯಿತು ಎನ್ನು. ಹೊಂದದಿದ್ದರೆ ಊಹಿಸಬೇಡ, ನಿಂತು ಕೇಳು. ‘ಬಹುದು’ ಎಂಬ ಮಾತನ್ನು ಹುಡುಕಿ ಹುಡುಕಿ ಕಿತ್ತೆ. ಗುರುವಾರ ಗೋಪುರ ನೆಟ್ಟಗೆ ನಿಂತಿತು. ನಾಗವೇಣಿ ಮೂರು ಸಲ ಮಾಡಿಸಿ ನೋಡಿದಳು, ಮೂರು ಸಲವೂ ನಿಂತಿತು. ಏಜೆಂಟಿನ ಕೈಯಲ್ಲಿ ಬರೆಸುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸೋಮವಾರ ಹಂಪಿಗೆ ಆಟೋದಲ್ಲಿ ಹೋದೆವು. ಬಾಳೆ ತೋಟಕ್ಕೆ ಹೊಂದಿಕೊಂಡ ಗೆಸ್ಟ್ ಹೌಸು. ಮಾಲೀಕರು ಮತ್ತು ಅಕ್ಕಪಕ್ಕದ ನಾಲ್ಕಾರು ಮಂದಿ ಕೌಂಟರಿನ ಸುತ್ತ ನಿಂತಿದ್ದರು. ನಾಗವೇಣಿ ಆಜ್ಞೆ ಕೊಟ್ಟಳು. ಪ್ರಿಂಟರು ಅಲ್ಲಾಡಲಿಲ್ಲ. ಒಂದು ನಿಮಿಷವಾಯಿತು. ಮಾಲೀಕರು ಪಕ್ಕದವರ ಮುಖ ನೋಡಿದರು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಬಂತು: ಚಿತ್ರದ ಅಗಲ ನಲವತ್ತೆಂಟು ಅಕ್ಷರ, ಈ ಪ್ರಿಂಟರಿನ ಅಗಲ ಮೂವತ್ತೆರಡು, ಹೀಗೇ ಹೊಡೆದರೆ ಸಾಲುಗಳು ಮುರಿಯುತ್ತವೆ, ಏನು ಮಾಡಲಿ?

ಅವರ ಪ್ರಿಂಟರು ಕಂಪ್ಲಿಯಲ್ಲಿ ನಾವು ಹೊಡೆದು ನೋಡಿದ್ದಕ್ಕಿಂತ ಚಿಕ್ಕದು. ಅದು ನಮಗೆ ಗೊತ್ತೇ ಇರಲಿಲ್ಲ.

“ಕೆಟ್ಟೈತೇನ್ರಿ?” ಎಂದರು ಮಾಲೀಕರು.

“ಇಲ್ರಿ, ಕೇಳಾಕತ್ತೈತಿ,” ಎಂದಳು ನಾಗವೇಣಿ. ಮೂವತ್ತೆರಡಕ್ಕೆ ಹೊಂದಿಸು ಎಂದು ಉತ್ತರ ಕೊಟ್ಟಳು. ಪ್ರಿಂಟರು ಗರಗರ ಎಂದಿತು. ಚೀಟಿಯ ಮೇಲೆ ಪುಟ್ಟ ಗೋಪುರ ಕಲಶದಿಂದ ಹಿಡಿದು ಇಳಿಯುತ್ತ ಬಂತು. ಮಾಲೀಕರು ಅದನ್ನು ಹರಿದು, ಕೈ ಉದ್ದ ಮಾಡಿ ದೂರ ಹಿಡಿದು ನೋಡಿದರು. ಆಮೇಲೆ ಕೌಂಟರಿನ ಗಾಜಿನ ಕೆಳಗೆ, ತಮ್ಮ ತಂದೆಯ ಫೋಟೋದ ಪಕ್ಕ ತೂರಿಸಿದರು. ಯಾವತ್ತಿನಿಂದ ಶುರು ಎಂದು ಕೇಳಿದರು.

ವಾಪಸ್ ಬರುವಾಗ ಆಟೋ ಕಮಲಾಪುರ ದಾಟಿತು. ಆಗ ನಾಗವೇಣಿ, ನಿಂತು ಕೇಳು ಅಂತ ಬರೆಯಬೇಕೆಂದು ನಿಮಗೆ ಹೇಗೆ ಹೊಳೆಯಿತು, ನಾನೇ ಕೋಡ್ ಬರೆದರೂ ನನಗೆ ಹೊಳೆಯಲಿಲ್ಲ ಎಂದಳು. ನನಗೆ ಹೊಳೆದದ್ದಲ್ಲ, ನನಗೆ ಯಾರೋ ಬರೆದುಕೊಟ್ಟದ್ದು ಎಂದೆ. ಎಲ್ಲವನ್ನೂ ಹೇಳಿದೆ. ಅವಳು ಆಟೋದವನಿಗೆ, ಹೊಸಪೇಟೆಯಲ್ಲಿ ನಿಲ್ಲಿಸಬೇಡಿ, ಸೀದಾ ಡ್ಯಾಮಿಗೆ ಹೋಗಲಿ ಎಂದಳು.

ಸುಶೀಲಾ ಟೀಚರ್ ಈಗ ಡ್ಯಾಮಿನಲ್ಲೇ ಮಗಳ ಜೊತೆ ಇದ್ದಾರೆ. ಅಂಗಳದ ಕುರ್ಚಿಯಲ್ಲಿ ಕೂತು ಕರಿಬೇವು ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬಿಳಿ, ಕಣ್ಣು ಮಂದವಾಗಿದೆ, ದನಿ ಮಾತ್ರ ಶನಿವಾರದ್ದೇ. ಬರ್ರಿ, ಕುಂದ್ರಿ ಎಂದು, ಯಾರೆಂದು ಕೇಳುವ ಮೊದಲೇ ಕೂರಿಸಿದರು. ನಾನು ಮಂಜುಳಾ, ನಿಮ್ಮ ಹತ್ತಿರ ಟೈಪಿಂಗ್ ಕಲಿತವಳು ಎಂದೆ. ನನ್ನ ಹತ್ತಿರ ಆರು ಮಂದಿ ಮಂಜುಳಾ ಇದ್ದರು, ನೀನು ಯಾವಳು ಎಂದರು. ಸಂಡೂರಿನ ಕೆಲಸ ಎಂದೆ, ಗೊತ್ತಾಗಲಿಲ್ಲ. ಎರಡನೆಯ ಸಲ ಪಾಸಾದವಳು ಎಂದೆ, ಅದೂ ಗೊತ್ತಾಗಲಿಲ್ಲ. ಇನ್ನೇನು ಹೇಳಲಿ ಎಂದು ತೋಚದೆ ಎಡಗೈಯನ್ನು ಮುಂದೆ ಮಾಡಿದೆ.

ಅವರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಒಂದೊಂದೇ ಬೆರಳನ್ನು ಮಡಚಿ ಬಿಡಿಸಿದರು. ನಡುಬೆರಳಿನ ಹತ್ತಿರ ನಿಲ್ಲಿಸಿದರು.

“ಇದಕ್ಕ ಎ, ಎಸ್ ಕೊಟ್ಟಿದ್ದೆ ನಾನು,” ಎಂದರು.

ನಾಗವೇಣಿಯೇ ನನ್ನ ಪರವಾಗಿ, ಗೋಪುರ ಬಿದ್ದದ್ದು, ಎದ್ದದ್ದು, ಇವರು ನಿಮ್ಮ ಹಾಳೆಯಂತೆ ಬರೆದಿದ್ದರಿಂದಲೇ ಇವತ್ತು ನನ್ನ ಕೆಲಸ ಉಳಿಯಿತು ಎಂದು ಎಲ್ಲವನ್ನೂ ಹೇಳಿದಳು. ಟೀಚರ್ ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡರು. ನಾನು ಕೊನೆಗೂ ಧೈರ್ಯ ಮಾಡಿ, ಆ ಎರಡು ಹಾಳೆ ಇಲ್ಲದಿದ್ದರೆ ನಾನು ಎಲ್ಲಿರುತ್ತಿದ್ದೆನೋ ಗೊತ್ತಿಲ್ಲ, ಇಷ್ಟು ವರ್ಷ ಬಂದು ಹೇಳಲಿಲ್ಲ, ತಪ್ಪಾಯಿತು ಎಂದೆ. ಅವರಿಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ. ಇನ್ನೊಬ್ಬಳು ಒಂದೇ ಕೈಯವಳು ಇದ್ದಳು, ಅವಳಿಗೂ ಬರೆದುಕೊಟ್ಟಿದ್ದೆ, ಯಾವ ಕೈ ಬಂತೋ ಆ ಕೈಗೆ ಬರೆದೆ, ಅದರಲ್ಲೇನು ಎಂದರು. ಅವರ ಕುತೂಹಲವೆಲ್ಲ ಬೇರೆ ಕಡೆ ಇತ್ತು.

“ಈಗ ನೀ ಬರದು ಕೊಡ್ತೀಯಲ್ಲ, ಅದಕ್ಕ ಬೆರಳು ಎಷ್ಟು?”

“ಬೆರಳ ಇಲ್ರಿ ಟೀಚರ್. ಕಣ್ಣೂ ಇಲ್ಲ.”

ಅವರು ಕರಿಬೇವಿನ ಇನ್ನೊಂದು ಕಡ್ಡಿಯನ್ನು ಎತ್ತಿಕೊಂಡರು.

“ಹಂಗಾರ ಅದಕ್ಕ ಇನ್ನೂ ಸಾವಕಾಶ ಹೇಳಬೇಕು,” ಎಂದರು. “ಜಲ್ದಿ ಮಾಡಬ್ಯಾಡ.”

ಮರುದಿನ ಬೆಳಿಗ್ಗೆ ಮುಗಿದುಹೋದ ಬರಹವನ್ನು ಮತ್ತೆ ತೆರೆದೆ. ಯಾರೂ ಕೇಳಿರಲಿಲ್ಲ. ಆದರೂ ಕೂತು, ಒಂದೇ ಸಾಲಿನಲ್ಲಿ ಎರಡು ಮಾತು ಹೇಳಿದ್ದ ಕಡೆಯಲ್ಲೆಲ್ಲ ಬಿಡಿಸಿ ಎರಡು ಸಾಲು ಮಾಡಿದೆ.